ವಡಪಳನಿಯ ಎರಡು ಸಿನಿಮಾ

ನಾನು ಮದರಾಸಿಗೆ ಬಂದದ್ದು 1981ರಲ್ಲಿ. ವಡಪಳನಿ ಮುರುಗನ್ ಗುಡಿಯ ಹಿಂದೆ ಒಂದು ವಠಾರದಲ್ಲಿ ರೂಮು. ಪಕ್ಕದ ಮನೆಯಲ್ಲಿದ್ದವರು ಸ್ಟುಡಿಯೋಗಳಲ್ಲಿ ಸೆಟ್ ಕಟ್ಟುವ ಬಡಗಿ. ನನಗೆ ಸಿನಿಮಾ ಚರಿತ್ರೆ ಹೇಳಿಕೊಟ್ಟವರು ಅವರೇ ಅಂದರೂ ತಪ್ಪಿಲ್ಲ.

ಆಗ ವಡಪಳನಿ ಅಂದರೆ ಎವಿಎಂ ಮತ್ತು ವಿಜಯಾ-ವಾಹಿನಿ. ರಾಜಕುಮಾರ್ ನಾಯಕರಾದ ಮೊದಲ ಚಿತ್ರ 'ಬೇಡರ ಕಣ್ಣಪ್ಪ'ಕ್ಕೆ (1954) ಗುಬ್ಬಿಯವರ ಜೊತೆ ಕೈಜೋಡಿಸಿದ್ದು ಎವಿಎಂ. 1965ರಲ್ಲಿ ವಿಜಯಾದವರು 'ಸತ್ಯ ಹರಿಶ್ಚಂದ್ರ'ವನ್ನು ಎರಡು ಭಾಷೆಯಲ್ಲಿ ತೆಗೆದರು. ತೆಲುಗಿಗೆ ಎನ್.ಟಿ. ರಾಮರಾವ್, ನಿರ್ದೇಶನ ಕೆ.ವಿ. ರೆಡ್ಡಿ. ಕನ್ನಡಕ್ಕೆ ರಾಜಕುಮಾರ್, ನಿರ್ದೇಶನ ಹುಣಸೂರು ಕೃಷ್ಣಮೂರ್ತಿ. ತೆಲುಗಿನದು ಸೋತಿತು, ನಮ್ಮದು ಮನೆಮಾತಾಯಿತು. 2008ರಲ್ಲಿ ಬಣ್ಣ ಹಚ್ಚಿ ಮತ್ತೆ ಬಿಡುಗಡೆಯನ್ನೂ ಮಾಡಿದರು.

ಹದಿಮೂರು ವರ್ಷದ ನಂತರ ಇನ್ನೊಂದು ಜೋಡಿ ಸಿನಿಮಾ ಬಂತು. ಅಕೌಂಟೆಂಟ್ ಜನರಲ್ ಕಚೇರಿಯ ಕೆಲಸದಿಂದ ನಾಟಕಕ್ಕೆ, ನಾಟಕದಿಂದ ಸಿನಿಮಾಕ್ಕೆ ಬಂದ ಕೆ. ಬಾಲಚಂದರ್ 1978ರಲ್ಲಿ ತಮಿಳಿನಲ್ಲಿ 'ತಪ್ಪು ತಾಳಂಗಳ್', ಕನ್ನಡದಲ್ಲಿ 'ತಪ್ಪಿದ ತಾಳ' ತೆಗೆದರು. ಎರಡಕ್ಕೂ ಅದೇ ರಜನೀಕಾಂತ್, ಅದೇ ಸರಿತಾ. ಕಪ್ಪು ಬಿಳುಪು. ಕ್ಯಾಮೆರಾ ಬಿ.ಎಸ್. ಲೋಕನಾಥ್, ಸಂಗೀತ ನಮ್ಮ ವಿಜಯಭಾಸ್ಕರ್. ಅರಮನೆ ಗಿರಮನೆ ಒಂದೂ ಇಲ್ಲ.

ಕತೆ ನಿಮಗೂ ನೆನಪಿರಬಹುದು. ದುಡ್ಡಿಗೆ ಹೊಡೆಯುವ ರೌಡಿ, ಮೈ ಮಾರಿ ಬದುಕುವ ಹೆಂಗಸು. ಇಬ್ಬರೂ ಮದುವೆಯಾಗಿ ನೆಟ್ಟಗೆ ಬಾಳೋಣ ಅಂತ ಹೊರಡುತ್ತಾರೆ, ಊರು ಬಿಡುವುದಿಲ್ಲ. ಹರಿಶ್ಚಂದ್ರ ಎಲ್ಲವನ್ನೂ ಕಳೆದುಕೊಂಡರೂ ಕೊನೆಗೆ ದೇವರು ಪ್ರತ್ಯಕ್ಷನಾಗಿ ರಾಜ್ಯ, ಹೆಂಡತಿ, ಮಗ ಎಲ್ಲ ವಾಪಸ್ ಕೊಡುತ್ತಾನೆ. ಇವರಿಗೆ ಕೊಡುವವರು ಯಾರೂ ಇಲ್ಲ. ನಗರಕ್ಕೆ ಬರಿಗೈಲಿ ಬಂದಿದ್ದ ನನಗೆ ಎರಡನೆಯದೇ ನಿಜ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಇದನ್ನೆಲ್ಲ ಬಹಳ ಉತ್ಸಾಹದಿಂದ ಬಡಗಿಯವರಿಗೆ ಹೇಳಿದೆ. ಅವರು ಬೀಡಿ ಆರಿಸಿ, "ಬಡವರ ಕತೆ ಸರಿ ತಂಬಿ. ಅದರಲ್ಲಿ ನಮಗೆ ಎಷ್ಟು ದಿನ ಕೆಲಸ?" ಅಂದರು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಕ್ಯಾಮೆರಾ ಬೀದಿಗೆ, ಬಾಡಿಗೆ ಮನೆಗೆ ಹೋದರೆ ಮರ, ಪ್ಲಾಸ್ಟರ್, ಬಣ್ಣದವರಿಗೆ ಕೂಲಿ ಎಲ್ಲಿಂದ? ಭಾರತಿರಾಜಾ '16 ವಯದಿನಿಲೇ'ಗೆ (1977) ಕೊಳ್ಳೇಗಾಲದ ಕಡೆಯ ಹಳ್ಳಿಯನ್ನೇ ಆರಿಸಿಕೊಂಡಿದ್ದರು. ನಮಗೆ ಹೊಸ ಗಾಳಿ ಅನ್ನಿಸಿದ್ದು ಈ ವಠಾರಕ್ಕೆ ಖಾಲಿ ವಾರ. ಅದೇ ರಜನೀಕಾಂತ್ 1980ರಲ್ಲಿ ಎವಿಎಂನ 'ಮುರಟ್ಟು ಕಾಳೈ'ಯಲ್ಲಿ ಬಣ್ಣದಲ್ಲಿ ಗೂಳಿ ಹಿಡಿದಾಗ ವಠಾರದವರು ಖುಷಿಪಟ್ಟಿದ್ದರಂತೆ. ನಾನು ಮೂಗು ಮುರಿದಿದ್ದೆ.

ತಮಾಷೆಯೆಂದರೆ ಬಾಲಚಂದರ್ ಕೂಡ ಎರಡೂ ಕಡೆ ಕಾಲಿಟ್ಟರು. 'ತಿಲ್ಲು ಮುಲ್ಲು' (1981) ಆದಮೇಲೆ ರಜನಿಯನ್ನು ನಾಯಕನನ್ನಾಗಿಟ್ಟು ಅವರು ನಿರ್ದೇಶಿಸಲಿಲ್ಲ. ಆದರೆ ಅವರದೇ ಕವಿತಾಲಯ ಸಂಸ್ಥೆ 'ಅಣ್ಣಾಮಲೈ' (1992), 'ಮುತ್ತು' (1995) ತೆಗೆಯಿತು. ಬೇರೆಯವರ ನಿರ್ದೇಶನ, ದೊಡ್ಡ ದುಡ್ಡು, ದೊಡ್ಡ ರಜನಿ. ಇದನ್ನು ರಾಜಿ ಅಂತ ಬಯ್ಯುತ್ತಿದ್ದವನು ನಾನು. ಈಗ ಅಷ್ಟು ಸಲೀಸಾಗಿ ಬಾಯಿ ಬರುವುದಿಲ್ಲ.

ವಾಹಿನಿ ಇದ್ದ ಜಾಗದಲ್ಲಿ ಆಸ್ಪತ್ರೆ, ಕಲ್ಯಾಣಮಂಟಪ ಬಂದವು. 2013ರಲ್ಲಿ ಮಾಲ್ ಕೂಡ ಬಂತು. ಬಡಗಿಯವರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಎಸ್ಕಲೇಟರ್ ಹತ್ತಲಿಲ್ಲ. ಕೆಳಗೇ ನಿಂತು ಒಂದು ಕಂಬವನ್ನು ಬೆರಳಿನಿಂದ ತಟ್ಟಿ ನೋಡಿದರು.

"ನಿಜವಾದದ್ದೇ," ಅಂದರು.