ಕನಿಷ್ಠ ಕಲಿಕಾ ಮಟ್ಟದಿಂದ ಕಲಿಕಾ ಏಣಿಯವರೆಗೆ: ಕರ್ನಾಟಕದ ಪ್ರಾಥಮಿಕ ಶಾಲೆಗಳಲ್ಲಿ ಫಲಾಧಾರಿತ ಪಾಠಯೋಜನೆ

ಪಾಠಯೋಜನೆಗೆ ಬೋಧಿಸಬೇಕಾದ ವಿಷಯಕ್ಕಿಂತ ಕಲಿಯುವವರಲ್ಲಿ ಕಾಣಬೇಕಾದ ಬದಲಾವಣೆಯೇ ಆಧಾರವಾಗಬೇಕೆಂಬ ವಿಚಾರವನ್ನು ಅಮೆರಿಕದ ರಾಲ್ಫ್ ಟೈಲರ್ 1949ರಲ್ಲಿ ಪ್ರತಿಪಾದಿಸಿದರು. ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಶೈಕ್ಷಣಿಕ ಉದ್ದೇಶಗಳನ್ನು ವರ್ಗೀಕರಿಸಿ ಈ ವಿಚಾರಕ್ಕೆ ಶಾಸ್ತ್ರೀಯ ರೂಪ ನೀಡಿದರು.

ಭಾರತದಲ್ಲಿ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಆರ್. ಎಚ್. ದವೆ ಅವರ ಅಧ್ಯಕ್ಷತೆಯ ಸಮಿತಿಯು ಭಾಷೆ, ಗಣಿತ ಮತ್ತು ಪರಿಸರ ಅಧ್ಯಯನಗಳಿಗೆ ಕನಿಷ್ಠ ಕಲಿಕಾ ಮಟ್ಟಗಳನ್ನು ಗುರುತಿಸಿತು. 1991ರಲ್ಲಿ ಪ್ರಕಟವಾದ ಈ ವರದಿಯು ಪ್ರತಿ ತರಗತಿಯ ಸಾಮರ್ಥ್ಯಗಳನ್ನು ಕ್ರಮಬದ್ಧವಾಗಿ ಪಟ್ಟಿಮಾಡಿತು. ಆದರೆ ಪಟ್ಟಿಯೇ ಬೋಧನಾ ವಿಧಾನವಾಗಲಾರದು. ಒಬ್ಬರೇ ಶಿಕ್ಷಕರು ಹಲವು ತರಗತಿಗಳನ್ನು ನಿರ್ವಹಿಸಬೇಕಾದ, ಸುಗ್ಗಿಯ ಕಾಲದಲ್ಲಿ ಮಕ್ಕಳು ಗೈರುಹಾಜರಾಗುವ ಹಳ್ಳಿಯ ಶಾಲೆಗಳಲ್ಲಿ ಅದನ್ನು ಅಳವಡಿಸುವುದು ಹೇಗೆಂಬ ಪ್ರಶ್ನೆ ಉಳಿದೇ ಇತ್ತು.

ಈ ಪ್ರಶ್ನೆಗೆ ಕರ್ನಾಟಕದ ಉತ್ತರ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ರೂಪುಗೊಂಡಿತು. ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರಪ್ರದೇಶದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರಯೋಗದಿಂದ ಪ್ರೇರಣೆ ಪಡೆದು 'ನಲಿಕಲಿ'ಯನ್ನು ಆರಂಭಿಸಿದರು. ಇದರಲ್ಲಿ ಸಾಮರ್ಥ್ಯಗಳನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಿ ಕಲಿಕಾ ಏಣಿಯಾಗಿ ಜೋಡಿಸಲಾಯಿತು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು. ಕೆಲವು ಮೆಟ್ಟಿಲುಗಳು ಸೇರಿ ಒಂದು ಮೈಲಿಗಲ್ಲು. ಮಗು ಶಿಕ್ಷಕರ ನೆರವಿನಿಂದ ಸಹಪಾಠಿಗಳ ನೆರವಿಗೆ, ಅಲ್ಲಿಂದ ಸ್ವಕಲಿಕೆಗೆ ಸಾಗುತ್ತದೆ. ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲೇ ಆಗಿರುವುದರಿಂದ ಪ್ರತ್ಯೇಕ ಪರೀಕ್ಷೆಯ ಭಯವಿಲ್ಲ. ಕೆಲವು ದಿನ ಶಾಲೆಗೆ ಬಾರದ ಮಗು ತಾನು ನಿಲ್ಲಿಸಿದ ಮೆಟ್ಟಿಲಿನಿಂದಲೇ ಕಲಿಕೆ ಮುಂದುವರಿಸಬಹುದಿತ್ತು. ಈ ವ್ಯವಸ್ಥೆಯ ಹಿರಿಮೆ ಇರುವುದು ಇಲ್ಲಿಯೇ.

2009-10ರಲ್ಲಿ ಈ ಪದ್ಧತಿಯನ್ನು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳಿಗೆಲ್ಲ ವಿಸ್ತರಿಸಲಾಯಿತು. ಇದರಿಂದ ಹೆಗ್ಗಡದೇವನಕೋಟೆಯ ಕಾಡಂಚಿನಲ್ಲಿ ಹುಟ್ಟಿದ ಪ್ರಯೋಗವು ಸಕ್ರೆಬೈಲಿನಂತಹ ಕಾಡಂಚಿನ ಊರುಗಳನ್ನುಳ್ಳ ಶಿವಮೊಗ್ಗ ಜಿಲ್ಲೆಯನ್ನೂ ತಲುಪಿತು. ತಾಲ್ಲೂಕಿನ ಶಿಕ್ಷಕರೇ ಕಟ್ಟಿದ್ದ ಪದ್ಧತಿ ರಾಜ್ಯದ ಆದೇಶವಾದಾಗ, ಕಾರ್ಡುಗಳನ್ನು ರೂಪಿಸಿದವರಿಗೂ ಬಳಸುವವರಿಗೂ ನಡುವೆ ಅಂತರ ಏರ್ಪಟ್ಟಿತೆಂಬುದನ್ನು ಮರೆಯುವಂತಿಲ್ಲ.

ಕನಿಷ್ಠ ಕಲಿಕಾ ಮಟ್ಟಗಳು ಕಲಿಕೆಯನ್ನು ಬಿಡಿಬಿಡಿಯಾಗಿ ಒಡೆಯುತ್ತವೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಆಕ್ಷೇಪಿಸಿತ್ತು. ಆದರೂ 2017ರಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯು ತರಗತಿವಾರು 'ಕಲಿಕಾ ಫಲಗಳನ್ನು' ಪ್ರಕಟಿಸಿದಾಗ ಅಳೆಯಬಹುದಾದ ಫಲದ ಪರಿಕಲ್ಪನೆ ಮತ್ತೆ ಮುನ್ನೆಲೆಗೆ ಬಂತು.

ಫಲವನ್ನು ಅಳೆಯಬೇಕೇ ಎಂಬುದಕ್ಕಿಂತ, ಅಳತೆ ಯಾರ ಉಪಯೋಗಕ್ಕೆ ಎಂಬುದೇ ಈ ಇತಿಹಾಸದ ಮುಖ್ಯ ಪ್ರಶ್ನೆ. ಮಗುವಿನ ಮುಂದಿನ ಮೆಟ್ಟಿಲನ್ನು ತೋರಿಸುವ ಅಳತೆ ಬೋಧನೆಯ ಅಂಗವಾಗುತ್ತದೆ. ಕೇವಲ ವರದಿಯ ಅಂಕಣ ತುಂಬುವ ಅಳತೆ ಕಚೇರಿಯ ಕಡತವಾಗಿಯೇ ಉಳಿಯುತ್ತದೆ.