ಕೂಟ್ಟಿರಿಪ್ಪು: ಜೊತೆಗೆ ಕುಳಿತವರ ಚರಿತ್ರೆ



ಚರಿತ್ರೆ ಎಂದೊಡನೆ ವಯನಾಡಿನವರಾದ ನಮಗೆ ನೆನಪಾಗುವುದು ಟಿಪ್ಪುವಿನ ದಂಡು ಬತ್ತೇರಿಗೆ ಬಂದದ್ದು, ಪಳಶ್ಶಿರಾಜ ಪುಲ್ಪಳ್ಳಿಯ ಕಾಡುಗಳಲ್ಲಿ ಕಾದಾಡಿದ್ದು. ಇಂದು ನಾನು ಹೇಳಹೊರಟಿರುವುದು ಆ ಬಗೆಯ ಚರಿತ್ರೆಯಲ್ಲ. ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಚಾಪೆ ಹಾಸಿಕೊಂಡು ರಾತ್ರಿ ಕಳೆದ ಹೆಂಗಸರ ಚರಿತ್ರೆ. ರೋಗಿಯ ಜೊತೆಗೆ ಹಾಗೆ ಇರುವುದಕ್ಕೆ ಮಲಯಾಳದಲ್ಲಿ ಒಂದು ಸೊಗಸಾದ ಮಾತಿದೆ, ಕೂಟ್ಟಿರಿಪ್ಪು ಎಂದು. ಕೂಡಿ ಇರುವುದು, ಜೊತೆಗೆ ಕೂರುವುದು. ಕನ್ನಡದಲ್ಲಿ ಇದಕ್ಕೆ ಒಂದೇ ಪದವಿಲ್ಲ, ನಾವು "ಆಸ್ಪತ್ರೆಯಲ್ಲಿ ಜೊತೆಗಿದ್ದಳು" ಎಂದು ಬಿಡಿಸಿ ಹೇಳಬೇಕು. ಎರಡು ಭಾಷೆಯ ನಡುವೆ ಬಾಳುವ ನಮಗೆ ಇದೊಂದು ಲಾಭ, ಬೇಕಾದ ಪದವನ್ನು ಆಚೆಮನೆಯಿಂದ ಕಡ ತರಬಹುದು.

ನಷ್ಟವೂ ಉಂಟು. ಗರ್ಭಕೋಶಕ್ಕೆ ಮಲಯಾಳದಲ್ಲಿ ಗರ್ಭಪಾತ್ರಂ ಎನ್ನುತ್ತಾರೆ. ಕನ್ನಡ ಮಾತ್ರ ಬಲ್ಲ ಹೆಂಗಸಿನ ಕಿವಿಗೆ ಅದು ಗರ್ಭಪಾತ ಎಂದೇ ಬೀಳುತ್ತದೆ. ವೈದ್ಯರು "ಗರ್ಭಪಾತ್ರಂ ತೆಗೆಯಬೇಕು" ಎಂದಾಗ "ನಾನು ಬಸುರಿಯೇ ಅಲ್ಲವಲ್ಲ" ಎಂದು ಅತ್ತವರಿದ್ದಾರೆ.

ಕಾಯಿಲೆಯ ಹೆಸರನ್ನು ನಮ್ಮ ಹಿರಿಯರು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸುಶ್ರುತ ಸಂಹಿತೆಯಲ್ಲಿ ಅರ್ಬುದ ಎಂಬ ಹೆಸರಿದೆ, ಮಲಯಾಳದವರು ಇಂದಿಗೂ ಅದನ್ನೇ ಬಳಸುತ್ತಾರೆ. ಕನ್ನಡದ ಪಠ್ಯಪುಸ್ತಕಗಳು ಏಡಿಗಂತಿ ಎಂದವು. ಮನೆಗಳಲ್ಲಿ ಅದು ಬರೀ "ದೊಡ್ಡ ಕಾಯಿಲೆ". ಅದರಲ್ಲಿಯೂ ಹೆಂಗಸರ ಒಳಗಿನ ಕಾಯಿಲೆ ಎಂದರೆ ಗಂಡನಿಗೂ ಹೇಳುವಂತಿಲ್ಲ, ಅತ್ತೆಗೂ ಹೇಳುವಂತಿಲ್ಲ. ಬಿಳಿ ಹೋಗುವುದು, ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಾಣುವುದು, ಇವೆಲ್ಲ ಮೊದಲು ಬಾಯಿಗೆ ಬರುತ್ತಿದ್ದುದು ತೋಡಿನಲ್ಲಿ ಬಟ್ಟೆ ಒಗೆಯುವಾಗ, ಪಕ್ಕದ ಕಲ್ಲಿನ ಮೇಲೆ ಒಗೆಯುತ್ತಿದ್ದವಳ ಮುಂದೆ. ಹಾಗೆ ಕೇಳಿಸಿಕೊಂಡವಳು "ನಾಳೆ ನಾನೂ ಬರುತ್ತೇನೆ, ನಡಿ" ಎಂದರೆ ಆಕೆ ಆಸ್ಪತ್ರೆ ಕಾಣುತ್ತಿದ್ದಳು, ಇಲ್ಲವಾದರೆ ಇಲ್ಲ.

ಈ ಅಂಗಗಳ ಶಸ್ತ್ರಚಿಕಿತ್ಸೆಯ ಚರಿತ್ರೆ ಶುರುವಾಗುವುದೇ ಒಬ್ಬ ಹೆಂಗಸಿನ ಗಟ್ಟಿತನದಿಂದ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಜೇನ್ ಕ್ರಾಫರ್ಡ್ ಎಂಬ ರೈತ ಮನೆತನದ ಗೃಹಿಣಿ, ಅಂಡಾಶಯದ ಗೆಡ್ಡೆಯನ್ನು ಹೊಟ್ಟೆಯಲ್ಲಿ ಹೊತ್ತುಕೊಂಡು ಕುದುರೆಯ ಮೇಲೆ 60 ಮೈಲಿ ಹೋದಳು. ಹೆಚ್ಚುಕಡಿಮೆ ಬತ್ತೇರಿಯಿಂದ ಕಲ್ಲಿಕೋಟೆಗೆ ಇರುವಷ್ಟೇ ದೂರ. ಈಥರ್ ಕೊಟ್ಟು ಮೈಮರೆಸುವ ಪದ್ಧತಿ ಎಲ್ಲರಿಗೂ ತಿಳಿದದ್ದು 1846ರಲ್ಲಿ. ಆದ್ದರಿಂದ ಡಾ. ಎಫ್ರೈಮ್ ಮ್ಯಾಕ್‌ಡೊವೆಲ್ ಆಕೆಯ ಹೊಟ್ಟೆ ಕೊಯ್ದದ್ದು ಪೂರ್ಣ ಎಚ್ಚರದಲ್ಲಿಯೇ. ಆಕೆ ದೇವರ ಕೀರ್ತನೆಗಳನ್ನು ಹೇಳಿಕೊಳ್ಳುತ್ತಾ ಮಲಗಿದ್ದಳಂತೆ. ತೆಗೆದ ಗೆಡ್ಡೆ ಸುಮಾರು 10 ಕಿಲೋ. ಆಮೇಲೆ ಆಕೆ 32 ವರ್ಷ ಬದುಕಿದಳು.

ನಮ್ಮ ಕಡೆಗೆ ಬರೋಣ. 1956ರ ನವೆಂಬರ್ 1ರವರೆಗೆ ವಯನಾಡು ಮಲಬಾರ್ ಜಿಲ್ಲೆಗೆ, ಮಲಬಾರು ಮದರಾಸಿಗೆ ಸೇರಿತ್ತು. ಆದ್ದರಿಂದ ಮದರಾಸಿನಲ್ಲಿ ನಡೆದದ್ದು ನಮ್ಮ ಚರಿತ್ರೆಯೂ ಹೌದು, ಕಾಸರಗೋಡಿನವರ ಚರಿತ್ರೆಯೂ ಹೌದು. ಅಲ್ಲಿ 1886ರಲ್ಲಿ ಪುದುಕ್ಕೋಟೆಯಲ್ಲಿ ಹುಟ್ಟಿದ ಮುತ್ತುಲಕ್ಷ್ಮಿ ರೆಡ್ಡಿ ಎಂಬವರು 1912ರಲ್ಲಿ ವೈದ್ಯರಾದರು. ಪರ ಪುರುಷನ ಮುಂದೆ ಮೈ ತೋರಿಸಲಾರೆ ಎಂದು ಹೆಂಗಸರು ಮನೆಯಲ್ಲೇ ಸಾಯುತ್ತಿದ್ದ ಕಾಲವದು. ಮೈಸೂರಿನಲ್ಲಿ ಹೆಂಗಸರು ಮತ್ತು ಮಕ್ಕಳಿಗೆಂದೇ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆ ತೆರೆದದ್ದು 1906ರಲ್ಲಿ, ವೆಲ್ಲೂರಿನಲ್ಲಿ ಐಡಾ ಸ್ಕಡರ್ ಹೆಣ್ಣುಮಕ್ಕಳ ವೈದ್ಯಶಾಲೆ ಆರಂಭಿಸಿದ್ದು 1918ರಲ್ಲಿ. ಈ ಕಾರಣಕ್ಕೇ.

ಮುತ್ತುಲಕ್ಷ್ಮಿಯವರ ತಂಗಿ 1923ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಆಕೆಯದು ಗುದನಾಳದ ಕ್ಯಾನ್ಸರ್. ಅದನ್ನು ಮೊದಲು ಆಮಶಂಕೆ ಎಂದು ತಿಳಿದು ಔಷಧ ಕೊಟ್ಟಿದ್ದರು. ಅಕ್ಕ ವೈದ್ಯೆ, ತಂಗಿಯ ಪಕ್ಕದಲ್ಲಿ ಕೂರುವುದು ಬಿಟ್ಟು ಮಾಡಲು ಏನೂ ಇರಲಿಲ್ಲ. 1925ರಲ್ಲಿ ಅವರು ಲಂಡನ್ನಿಗೆ ಹೋಗಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೆಲಸ ಕಲಿತು ಬಂದರು. 1927ರ ಹೊತ್ತಿಗೆ ಮದರಾಸು ಶಾಸನಸಭೆಯ ಸದಸ್ಯೆಯಾದರು, ಅಲ್ಲಿ ಕುಳಿತ ಮೊದಲ ಮಹಿಳೆ ಅವರೇ. ಕ್ಯಾನ್ಸರಿಗೆ ಪ್ರತ್ಯೇಕ ಆಸ್ಪತ್ರೆ ಬೇಕೆಂದರೆ ಸರ್ಕಾರ ಉತ್ಸಾಹ ತೋರಲಿಲ್ಲ. ಹೇಗೂ ಸಾಯುವ ರೋಗಿಗಳಿಗೆ ಆಸ್ಪತ್ರೆ ಏಕೆಂಬುದು ಆ ಕಾಲದ ಧೋರಣೆ.

ಆಗ ಮುಂದೆ ಬಂದದ್ದು ಹೆಂಗಸರ ಸಂಘ. 1917ರಲ್ಲಿ ಅಡ್ಯಾರಿನಲ್ಲಿ ಹುಟ್ಟಿದ ಭಾರತೀಯ ಮಹಿಳಾ ಸಂಘದವರು ಕ್ಯಾನ್ಸರ್ ಪರಿಹಾರ ನಿಧಿ ಎಂದು ಒಂದನ್ನು ಮಾಡಿ ಚಂದಾ ಎತ್ತಿದರು. 1952ರ ಅಕ್ಟೋಬರಿನಲ್ಲಿ ನೆಹರೂ ಅವರು ಶಿಲಾನ್ಯಾಸ ಮಾಡಿದರು. 1954ರ ಜೂನ್ 18ರಂದು 12 ಹಾಸಿಗೆಗಳ ಪುಟ್ಟ ಆಸ್ಪತ್ರೆ ಬಾಗಿಲು ತೆರೆಯಿತು. ಮರುವರ್ಷ ಅಲ್ಲಿಗೆ ಸೇರಿದ ಡಾ. ವಿ. ಶಾಂತಾ ತಮ್ಮ ಇಡೀ ಆಯುಷ್ಯವನ್ನು ಆ ಆವರಣದಲ್ಲೇ ಕಳೆದು 2021ರ ಜನವರಿಯಲ್ಲಿ ತೀರಿಕೊಂಡರು. ಆ ಆಸ್ಪತ್ರೆಯ ಹೆಸರಿನಲ್ಲಿ ಮಹಿಳಾ ಸಂಘದ ಹೆಸರು ಇಂದಿಗೂ ಕಂಸದೊಳಗೆ ಉಳಿದಿದೆ. ಲೆಕ್ಕ ಬರೆದು ಬಾಳಿದ ನನಗೆ ಆ ಕಂಸ ಕಂಡರೆ ಸಂತೋಷ. ದುಡ್ಡು ಎಲ್ಲಿಂದ ಬಂತು ಎಂಬುದನ್ನು ಅವರು ಅಳಿಸಲಿಲ್ಲ.

ರಾಜ್ಯಗಳ ವಿಂಗಡಣೆಯಾದ ಮೇಲೆ ನಮ್ಮ ದಾರಿಗಳು ಬದಲಾದವು. 1957ರಲ್ಲಿ ಕಲ್ಲಿಕೋಟೆ ವೈದ್ಯಕೀಯ ಕಾಲೇಜು ಬಂತು. ಅಲ್ಲಿಗೆ ಹೋಗಬೇಕಾದರೆ ತಾಮರಶ್ಶೇರಿ ಚುರದ ಒಂಬತ್ತು ತಿರುವು ಇಳಿಯಬೇಕು. ಹೊಟ್ಟೆಯಲ್ಲಿ ಹೊಲಿಗೆ ಹಾಕಿಸಿಕೊಂಡವಳನ್ನು ಅದೇ ಒಂಬತ್ತು ತಿರುವಿನಲ್ಲಿ ಬಸ್ಸಿನಲ್ಲಿ ಮೇಲಕ್ಕೆ ತರಬೇಕು. ಪ್ರತಿ ತಿರುವಿನಲ್ಲಿಯೂ ಜೊತೆಯವಳು ತನ್ನ ಎರಡು ಕೈಯಿಂದ ಆಕೆಯ ಹೊಟ್ಟೆಯನ್ನು ಅದುಮಿ ಹಿಡಿಯುವುದನ್ನು ಆ ಬಸ್ಸಿನಲ್ಲಿ ಓಡಾಡಿದವರೆಲ್ಲ ಕಂಡಿರಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಕಿದ್ವಾಯಿ ಸ್ಮಾರಕ ಸಂಸ್ಥೆ, 1981ರಲ್ಲಿ ತಿರುವನಂತಪುರದಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರ ಬಂದವು. ನಮ್ಮ ಸರ್ಕಾರದ ಆಸ್ಪತ್ರೆಗಿಂತ ಪಕ್ಕದ ರಾಜ್ಯದ್ದೇ ನಮಗೆ ಹತ್ತಿರ. ಆದರೆ 2009ರಿಂದ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿರ್ಬಂಧ ಬಂತು. ಬಾವಲಿಯ ದಾರಿ ಇನ್ನೂ ಬೇಗ ಮುಚ್ಚುತ್ತದೆ. ಆಂಬುಲೆನ್ಸಿಗೆ ತಡೆಯಿಲ್ಲ, ನಿಜ. ಆದರೆ ಕಿರಣ ಚಿಕಿತ್ಸೆ ಮುಗಿಸಿ ಬಾಡಿಗೆ ಜೀಪಿನಲ್ಲಿ ಬರುವವಳು ಆಂಬುಲೆನ್ಸಿನ ರೋಗಿಯಲ್ಲವಲ್ಲ. ಗೇಟಿಗೆ ಹತ್ತು ನಿಮಿಷ ತಡವಾಗಿ ಬಂದು ಗುಂಡ್ಲುಪೇಟೆಯಲ್ಲಿ ರಾತ್ರಿ ಕಳೆದವರನ್ನು ನಾನು ಬಲ್ಲೆ. ಆನೆಗಳಿಗೂ ಬದುಕಬೇಕು, ಅದು ಬೇರೆ ಮಾತು.

ಇಲ್ಲಿ ನಮ್ಮ ಮನೆಯ ಸಂಗತಿಯೊಂದನ್ನು ಹೇಳಬೇಕು. 1990ರ ದಶಕದಲ್ಲಿ ನಮ್ಮ ಅತ್ತಿಗೆಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾಯಿತು. ಚುರದ ಕೆಳಗಿನ ಒಂದು ಆಸ್ಪತ್ರೆ. ಅತ್ತಿಗೆಗೆ ಮಲಯಾಳ ಅಷ್ಟಕ್ಕಷ್ಟೆ. ಜೊತೆಗೆ ಹೋದವರು ಪಕ್ಕದ ತೋಟದ ಚೇಚಿ, ತಿರುವಾಂಕೂರಿನಿಂದ ವಲಸೆ ಬಂದ ಕುಟುಂಬದವರು. ಹತ್ತು ರಾತ್ರಿ ಮಂಚದ ಕೆಳಗೆ ಮಲಗಿದರು. ಮನೆಗೆ ಬಂದ ಮೇಲೂ ಎರಡು ತಿಂಗಳು ನಮ್ಮ ಬಾವಿಯ ನೀರು ಸೇದಿದವರು ಅವರೇ, ಕೊಡ ಎತ್ತಿದರೆ ಹೊಲಿಗೆ ಬಿಚ್ಚುತ್ತದೆ ಎಂದು ಅತ್ತಿಗೆಯನ್ನು ಬಾವಿಕಟ್ಟೆಯ ಹತ್ತಿರ ಬಿಡಲಿಲ್ಲ. ಮೂರು ವರ್ಷದ ಮೇಲೆ ಚೇಚಿಗೇ ಗರ್ಭಕಂಠದ ಕ್ಯಾನ್ಸರ್ ಎಂದಾಯಿತು. ಬೆಂಗಳೂರಿಗೆ ಬರೆದುಕೊಟ್ಟರು. ಈ ಸಲ ಚಾಪೆ ಸುತ್ತಿಕೊಂಡು ಹೊರಟದ್ದು ಅತ್ತಿಗೆ. ಅಲ್ಲಿ ನರ್ಸುಗಳಲ್ಲಿ ಬಹಳ ಜನ ಮಲಯಾಳಿಗಳೇ, ವಾರ್ಡಿನೊಳಗೆ ಚೇಚಿಗೆ ಭಾಷೆಯ ತೊಂದರೆ ಇರಲಿಲ್ಲ. ಕನ್ನಡ ಬೇಕಾದದ್ದು ಡಾಕ್ಟರ ಮುಂದೆ, ಬಿಲ್ಲಿನ ಕಿಟಕಿಯ ಮುಂದೆ. ಕೆಲವೇ ದಿನಗಳಲ್ಲಿ ವಯನಾಡಿನ ಇನ್ನೂ ನಾಲ್ಕಾರು ರೋಗಿಗಳು ಅತ್ತಿಗೆಯ ಸೆರಗು ಹಿಡಿದು ಆ ಕಿಟಕಿಗೆ ಬರತೊಡಗಿದರಂತೆ. ಚೇಚಿ ಆಮೇಲೆ ನಾಲ್ಕು ವರ್ಷ ಇದ್ದರು.

ಗರ್ಭಕಂಠದ ಕ್ಯಾನ್ಸರ್ ಒಂದು ದಿನದಲ್ಲಿ ಬರುವುದಲ್ಲ. ಎಚ್.ಪಿ.ವಿ. ಎಂಬ ವೈರಸ್ ಇದಕ್ಕೆ ಕಾರಣವೆಂದು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ 1983ರ ಸುಮಾರಿಗೆ ತೋರಿಸಿ, 2008ರಲ್ಲಿ ನೊಬೆಲ್ ಪಡೆದರು. ವೈರಸ್ ಸೇರಿ ಹುಣ್ಣು ಬಲಿಯುವುದಕ್ಕೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ಬೇಕು. ಅಂದರೆ ಹಿಡಿಯಲು ಬೇಕಾದಷ್ಟು ಸಮಯವಿದೆ. ಹಿಡಿಯುವ ಒಂದು ಉಪಾಯ ಕಂಡುಕೊಂಡವರು ಗ್ರೀಸಿನಿಂದ ನ್ಯೂಯಾರ್ಕಿಗೆ ಹೋದ ಡಾ. ಪಾಪನಿಕೊಲಾವ್. ಅವರ ಹೆಸರಿನ ಮೊದಲ ತುಂಡೇ ಪ್ಯಾಪ್ ಪರೀಕ್ಷೆ. ಆದರೆ ಆ ಪರೀಕ್ಷೆಗೆ ಪ್ರತಿದಿನವೆಂಬಂತೆ ಇಪ್ಪತ್ತು ವರ್ಷದಷ್ಟು ಕಾಲ ತನ್ನ ಮೈಯಿಂದಲೇ ಸ್ರಾವ ಕೊಟ್ಟವರು ಅವರ ಹೆಂಡತಿ ಮೇರಿ. ತನ್ನ ಗೆಳತಿಯರನ್ನೂ ಆಕೆ ಕರೆದು ಒಪ್ಪಿಸಿದರು, ಅವರಲ್ಲಿ ಒಬ್ಬಳಿಗೆ ಕ್ಯಾನ್ಸರ್ ಇರುವುದು ಗೊತ್ತಾಯಿತೆಂದು ಹೇಳುತ್ತಾರೆ. ಪರೀಕ್ಷೆಯ ಹೆಸರಿನಲ್ಲಿ ಗಂಡನಿದ್ದಾನೆ, ಗಾಜಿನ ಪಟ್ಟಿಯ ಮೇಲೆ ಹೆಂಡತಿ ಇದ್ದಾಳೆ.

ಪ್ಯಾಪ್ ಪರೀಕ್ಷೆಗೆ ಪ್ರಯೋಗಶಾಲೆ ಬೇಕು, ಓದಿ ಹೇಳುವ ತಜ್ಞರು ಬೇಕು. ಹಳ್ಳಿಗಳಿಗೆ ಅದು ದೂರದ ಮಾತು. 1998ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು ಬೇರೊಂದು ದಾರಿ ಹಿಡಿದರು. ಗರ್ಭಕಂಠಕ್ಕೆ ನೀರು ಬೆರೆಸಿದ ವಿನೆಗರ್ ಹಚ್ಚಿದರೆ ಕೆಟ್ಟ ಜಾಗ ಒಂದೆರಡು ನಿಮಿಷದಲ್ಲಿ ಬೆಳ್ಳಗಾಗುತ್ತದೆ. ಬರಿಗಣ್ಣಿಗೆ ಕಾಣುತ್ತದೆ. ಉಪ್ಪಿನಕಾಯಿಗೆ ಹಾಕುವ ಅದೇ ಹುಳಿ! ಇದನ್ನು ಮಾಡಿದವರು ಡಾಕ್ಟರರಲ್ಲ, ನರ್ಸುಗಳೂ ಅಲ್ಲ. ಹತ್ತನೆಯ ತರಗತಿ ಓದಿದ ಸ್ಥಳೀಯ ಹೆಂಗಸರಿಗೆ ಕೆಲವು ವಾರ ತರಬೇತಿ ಕೊಟ್ಟು ಕೊಳಚೆ ಪ್ರದೇಶಗಳಲ್ಲಿ ಮನೆಮನೆಗೆ ಕಳಿಸಿದರು. ಪಕ್ಕದ ಓಣಿಯವಳೇ ಕರೆದಾಗ ಹೆಂಗಸರು ಬಂದರು. ಒಟ್ಟು 1,50,000 ಮಹಿಳೆಯರನ್ನು ಒಳಗೊಂಡ ಈ ಅಧ್ಯಯನದ ಫಲ 2014ರಲ್ಲಿ ಅಚ್ಚಾಯಿತು. ಪರೀಕ್ಷೆ ನಡೆದ ಕಡೆ ಗರ್ಭಕಂಠ ಕ್ಯಾನ್ಸರಿನ ಸಾವು ಶೇಕಡಾ 31ರಷ್ಟು ಕಡಿಮೆ. ನನ್ನದೂ ಎಸ್.ಎಸ್.ಎಲ್.ಸಿ. ವಿದ್ಯೆಯೇ. ಹತ್ತನೆಯ ತರಗತಿಯ ವಿದ್ಯೆಗೆ ಇದಕ್ಕಿಂತ ದೊಡ್ಡ ಮರ್ಯಾದೆ ಸಿಕ್ಕಿದ್ದನ್ನು ನಾನು ಬೇರೆಲ್ಲೂ ಓದಿಲ್ಲ.

ಕಾಯಿಲೆ ದಾಟಿದವಳೇ ಕಾಯಿಲೆಯವಳ ಹತ್ತಿರ ಹೋಗಿ ಕೂರುವುದು ಅಮೆರಿಕದಲ್ಲಿ ಒಂದು ಚಳುವಳಿಯೇ ಆಯಿತು. 1952ರಲ್ಲಿ ಸ್ತನ ತೆಗೆಸಿಕೊಂಡ ಟೆರೀಸ್ ಲಾಸರ್ ಎಂಬಾಕೆ ಆಸ್ಪತ್ರೆಗಳಿಗೆ ತಾನಾಗಿ ಹೋಗಿ, ತೋಳು ಮೇಲೆತ್ತುವುದು ಹೇಗೆ, ರವಿಕೆ ಹೊಲಿಸುವುದು ಹೇಗೆ ಎಂದು ಹೇಳಿಕೊಡುತ್ತಿದ್ದಳು. ಕೆಲವು ಡಾಕ್ಟರರು ಸಿಟ್ಟಾದರು. 1969ರಲ್ಲಿ ಅಲ್ಲಿನ ಕ್ಯಾನ್ಸರ್ ಸೊಸೈಟಿಯೇ ಅದನ್ನು ತನ್ನ ಕೆಲಸವಾಗಿ ಸ್ವೀಕರಿಸಿತು.

ನಮ್ಮಲ್ಲಿ ಅದು ಬೇರೆ ರೂಪದಲ್ಲಿ ಬಂತು. 1993ರಲ್ಲಿ ಕಲ್ಲಿಕೋಟೆಯಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮೊದಲಾದವರು ನೋವು ಶಮನದ ಸಂಸ್ಥೆ ಆರಂಭಿಸಿದರು. ಅದು ಬೆಳೆದು, ಊರಿನ ಸ್ವಯಂಸೇವಕರೇ ರೋಗಿಯ ಮನೆಗೆ ಹೋಗುವ ಪಾಲಿಯೇಟಿವ್ ಜಾಲವಾಗಿ ಮಲಪ್ಪುರಂ, ವಯನಾಡು ಮುಂತಾದ ಕಡೆ ಹರಡಿತು. 2008ರಲ್ಲಿ ಕೇರಳ ಸರ್ಕಾರ ಇದನ್ನು ತನ್ನ ನೀತಿಯಾಗಿ ಘೋಷಿಸಿತು. ಇಂದು ಪಂಚಾಯತಿನ ನರ್ಸು ಮನೆ ಬಾಗಿಲಿಗೆ ಬರುತ್ತಾರೆ. ಹುಣ್ಣಿನ ವಾಸನೆಗೆ ಮಕ್ಕಳೂ ದೂರ ನಿಂತ ಕೋಣೆಯೊಳಗೆ ಮೊದಲು ಕಾಲಿಡುವವರು ಹೆಚ್ಚಾಗಿ ಅದೇ ಓಣಿಯ ಹೆಂಗಸರು.

ದುಡ್ಡಿನ ಮಾತೂ ಹೇಳಬೇಕಲ್ಲ. ನಾನು ಬ್ಯಾಂಕಿನಲ್ಲಿ ಒಡವೆ ಸಾಲದ ಕೌಂಟರಿನಲ್ಲಿ ಬಹಳ ವರ್ಷ ಕುಳಿತವನು. ಸಾಲದ ಉದ್ದೇಶ ಎಂಬ ಕಾಲಮ್ಮಿನಲ್ಲಿ ಹೆಂಗಸರು ಹೇಳುತ್ತಿದ್ದುದು "ಕೃಷಿ" ಎಂದೇ, ಅದಕ್ಕೆ ಬಡ್ಡಿ ಕಡಿಮೆ. ಮೆಣಸಿನ ಬಳ್ಳಿಗೆ ಗೊಬ್ಬರವೋ, ಆಸ್ಪತ್ರೆಗೋ, ಮುಖ ನೋಡಿದರೆ ತಿಳಿಯುತ್ತಿತ್ತು. ಬಂದವಳ ಬರಿಯ ಕುತ್ತಿಗೆಯಲ್ಲಿ ಕರಿಮಣಿ ಮಾತ್ರ ಇದ್ದು, ಮೇಜಿನ ಮೇಲೆ ಇಟ್ಟ ಬಳೆ ಆಕೆಯ ಕೈಗೆ ಹೊಂದದ ಅಳತೆಯದಾಗಿದ್ದರೆ ಅದು ನೆರೆಯವಳದ್ದು. 1998ರಲ್ಲಿ ಕುಟುಂಬಶ್ರೀ ಬಂದ ಮೇಲೆ ಈ ಬಳೆಗಳ ಓಡಾಟ ಕಡಿಮೆಯಾಯಿತು. ಹತ್ತಿಪ್ಪತ್ತು ಹೆಂಗಸರ ಅಯಲ್ಕೂಟ್ಟದಲ್ಲಿ ವಾರವಾರ ಕೂಡಿಟ್ಟ ಹಣದಿಂದ ತಮ್ಮೊಳಗೇ ಸಾಲ ಕೊಟ್ಟುಕೊಳ್ಳುತ್ತಾರೆ. ಅಲ್ಲಿ ಉದ್ದೇಶವನ್ನು ಗಂಡಸಿನ ಮುಂದೆ ಹೇಳಬೇಕಾಗಿಲ್ಲ.

ಇನ್ನೊಂದು ಮುಖವೂ ಇದೆ. ಭಯವನ್ನು ಬಂಡವಾಳ ಮಾಡಿಕೊಳ್ಳುವವರೂ ಇದ್ದಾರೆ. "ಗರ್ಭಕೋಶ ತೆಗೆಸದಿದ್ದರೆ ಕ್ಯಾನ್ಸರ್ ಆಗುತ್ತದೆ" ಎಂದು ಹೆದರಿಸಿ, ಬೇಡದಿದ್ದರೂ ಕೊಯ್ದರೆಂಬ ದೂರು ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳಿಂದ 2015ರಲ್ಲಿ ಹೊರಬಿತ್ತು. ಒಬ್ಬೊಬ್ಬಳೇ ತನ್ನ ಹಣೆಬರಹವೆಂದುಕೊಂಡಿದ್ದವರು ಕೂತು ಮಾತಾಡಿದಾಗಲೇ ಎಲ್ಲರದೂ ಒಂದೇ ಕಥೆ ಎಂದು ತಿಳಿದದ್ದು. 2017ರಲ್ಲಿ ಅವರು ಜಿಲ್ಲಾಧಿಕಾರಿಗಳ ಕಚೇರಿ ಮುಂದೆ ಕುಳಿತರು. ಇಂಥ ಶಸ್ತ್ರಚಿಕಿತ್ಸೆಗೆ ಕೇಂದ್ರದ ಮಾರ್ಗಸೂಚಿಗಳನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೆ ಹೇಳಿತು. ಆದ್ದರಿಂದ ಕೇಳುಗ ಸೋದರಿಯರೇ, ಯಾರಾದರೂ ಅವಸರ ಮಾಡಿದರೆ ಇನ್ನೊಬ್ಬ ಡಾಕ್ಟರನ್ನು ಕೇಳಿರಿ, ಕಾಗದಪತ್ರಗಳನ್ನು ಕೈಬಿಡಬೇಡಿ.

ಇತ್ತೀಚಿನದೆಂದರೆ 2025ರ ಫೆಬ್ರವರಿ 4ರಂದು ಕೇರಳದಲ್ಲಿ ಆರಂಭವಾದ "ಆರೋಗ್ಯಂ ಆನಂದಂ, ಅಕಟ್ಟಾಂ ಅರ್ಬುದಂ" ಎಂಬ ತಪಾಸಣೆಯ ಕಾರ್ಯಕ್ರಮ. ಮೊದಲ ಹಂತ ಮಹಿಳಾ ದಿನದವರೆಗೆ, ಹೆಂಗಸರ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರಿಗಾಗಿಯೇ. ನಮ್ಮ ಓಣಿಯಿಂದ ಒಬ್ಬಳೂ ಒಂಟಿಯಾಗಿ ಹೋಗಲು ಒಪ್ಪಲಿಲ್ಲ. ಆಶಾ ಕಾರ್ಯಕರ್ತೆ ಆರು ಜನರನ್ನು ಒಟ್ಟು ಮಾಡಿದರು, ಜೀಪಿನ ಬಾಡಿಗೆಯನ್ನು ಆರು ಪಾಲು ಮಾಡಿಕೊಂಡರು. ಪರೀಕ್ಷೆಯಾದ ಮೇಲೆ ಮುಂದಿನ ವಾರ ಮತ್ತೆ ಬರಬೇಕೆಂದು ಹೇಳಿದ್ದು ಅವರಲ್ಲಿ ಒಬ್ಬಳಿಗೆ ಮಾತ್ರ. ಮುಂದಿನ ವಾರವೂ ಜೀಪಿನಲ್ಲಿ ಆರು ಜನ ಇದ್ದರು, ಬಾಡಿಗೆಯೂ ಆರು ಪಾಲು.