ಟ್ರೆಕ್ಕಿಂಗ್‌ಗೆ ಅರ್ಧ ಮ್ಯಾಟ್ ಸಾಕೇ? ‘ಕಾಲಿಗೆ ಹಾಸು ಬೇಡ’ ಅನ್ನುವ ಮಾತು ಎಷ್ಟು ನಿಜ?

ಚಳಿಗಾಲ ಬಂತೆಂದರೆ ಟ್ರೆಕ್ಕಿಂಗ್ ಗ್ರೂಪ್‌ಗಳಲ್ಲಿ ಒಂದು ಸಲಹೆ ಓಡಾಡಲು ಶುರುವಾಗುತ್ತದೆ: ಮಲಗುವ ಮ್ಯಾಟ್ ಭುಜದಿಂದ ಮಂಡಿವರೆಗೆ ಇದ್ದರೆ ಸಾಕು, ಉಳಿದದ್ದನ್ನು ಕತ್ತರಿಸಿ ಬಿಡಿ, ಬ್ಯಾಗಿನ ಭಾರ ಇಳಿಯುತ್ತದೆ. ಜೊತೆಗೆ ಒಂದಿಷ್ಟು ‘ವಿಜ್ಞಾನ’ವೂ ಇರುತ್ತದೆ. ದೇಹದ ಶಾಖದಲ್ಲಿ ಅರ್ಧದಷ್ಟು ತಲೆಯಿಂದಲೇ ಹೋಗುವುದಂತೆ, ಆದ್ದರಿಂದ ಟೋಪಿ ಹಾಕಿಕೊಂಡರೆ ಕಾಲಿನ ಚಿಂತೆ ಬೇಡವಂತೆ.

ಸಲಹೆ ಪೂರ್ತಿ ಸುಳ್ಳಲ್ಲ. ಆದರೆ ಅದು ಯಾವ ನೆಲಕ್ಕೆ ಹೊಂದುತ್ತದೆ ಎಂಬುದನ್ನು ಫಾರ್ವರ್ಡ್ ಹೇಳುವುದಿಲ್ಲ. ಚಿಕ್ಕಮಗಳೂರಿನ ತೋಟದಲ್ಲಿ ಟೆಂಟ್ ಹಾಕಿ ಮಲಗುವವರಿಗೂ ಉತ್ತರಾಖಂಡದ ಕೇದಾರಕಂಠದಲ್ಲಿ ಹಿಮದ ಮೇಲೆ ಮಲಗುವವರಿಗೂ ಒಂದೇ ಅಳತೆ ಹೇಳಲಾಗದು.

ಮ್ಯಾಟ್ ಇರುವುದು ಮೆತ್ತಗಿರಲಿ ಎಂದಲ್ಲ

‘ಬರೀ ನೆಲದ ಮೇಲೆ ಮಲಗಬೇಡ, ಥಂಡಿ ಹಿಡಿಯುತ್ತೆ’ ಎಂದು ಮನೆಯ ಹಿರಿಯರು ಗದರುತ್ತಾರಲ್ಲ, ಅದರಲ್ಲಿ ಅರ್ಧ ಸತ್ಯವಿದೆ. ನೆಗಡಿ ಬರುವುದು ವೈರಸ್‌ನಿಂದ, ನೆಲದಿಂದಲ್ಲ. ಆದರೆ ತಣ್ಣಗಿನ ನೆಲ ಮೈಯ ಶಾಖವನ್ನು ಎಳೆದುಕೊಳ್ಳುವುದು ನಿಜ. ಬಿಸಿ ಇರುವ ವಸ್ತುವಿನಿಂದ ಅದಕ್ಕೆ ತಾಗಿಕೊಂಡಿರುವ ತಣ್ಣನೆಯ ವಸ್ತುವಿಗೆ ಶಾಖ ಹರಿಯುತ್ತಲೇ ಇರುತ್ತದೆ. ರಾತ್ರಿಯಿಡೀ ನೀವು ನೆಲವನ್ನು ಕಾಯಿಸುತ್ತಾ ಮಲಗಿರುತ್ತೀರಿ, ನೆಲ ಮಾತ್ರ ಬಿಸಿಯಾಗಿ ಮುಗಿಯುವುದೇ ಇಲ್ಲ.

ದಪ್ಪ ಸ್ಲೀಪಿಂಗ್ ಬ್ಯಾಗ್ ಇದೆಯಲ್ಲ ಎನ್ನಬಹುದು. ಬ್ಯಾಗ್ ಬೆಚ್ಚಗಿಡುವುದು ಅದರ ಪುಕ್ಕ ಅಥವಾ ನಾರಿನ ನಡುವೆ ಸಿಕ್ಕಿಕೊಂಡ ಗಾಳಿಯಿಂದ. ನಿಮ್ಮ ಮೈಭಾರ ಬಿದ್ದ ಕಡೆ ಆ ಗಾಳಿ ಹಿಂಡಿಹೋಗುತ್ತದೆ. ಅಂದರೆ ಮೇಲ್ಭಾಗವನ್ನು ಬ್ಯಾಗ್ ಕಾಯುತ್ತದೆ, ಅಡಿಭಾಗವನ್ನು ಮ್ಯಾಟ್ ಕಾಯಬೇಕು. ಬ್ಯಾಗಿನ ಮೇಲೆ ಬರೆದಿರುವ ತಾಪಮಾನದ ಅಂಕಿಯನ್ನೂ ಪ್ರಯೋಗಾಲಯದಲ್ಲಿ ಅಡಿಗೆ ಮ್ಯಾಟ್ ಹಾಕಿಯೇ ಅಳೆದಿರುತ್ತಾರೆ. ಮ್ಯಾಟ್ ಇಲ್ಲದ ಕಡೆ ಆ ಅಂಕಿಗೆ ಬೆಲೆಯಿಲ್ಲ.

ಮ್ಯಾಟ್ ಎಷ್ಟು ಶಾಖ ತಡೆಯುತ್ತದೆ ಎಂಬುದಕ್ಕೆ ಆರ್-ವ್ಯಾಲ್ಯೂ ಎಂಬ ಅಳತೆಯಿದೆ. ಹಿಂದೆ ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಅಳೆಯುತ್ತಿದ್ದರು. ಈಗ ಎಎಸ್‌ಟಿಎಂ ಎಫ್3340 ಎಂಬ ಸಮಾನ ಪರೀಕ್ಷೆ ಬಂದಿದೆ. ಬೇಸಿಗೆಯ ನೆಲಕ್ಕೆ ಸುಮಾರು 2, ಶೂನ್ಯದ ಆಸುಪಾಸಿನ ರಾತ್ರಿಗೆ 3ರಿಂದ 4, ಹಿಮದ ಮೇಲೆ 5 ಅಥವಾ ಹೆಚ್ಚು ಎಂಬುದು ಸಾಮಾನ್ಯ ಲೆಕ್ಕ. ಒಂದರ ಮೇಲೊಂದು ಹಾಸಿದರೆ ಈ ಅಂಕಿಗಳನ್ನು ಕೂಡಿಸಬಹುದು. 2ರ ಮೇಲೆ 3 ಇಟ್ಟರೆ 5.

ತಲೆಯ ಕಥೆ ಎಲ್ಲಿಂದ ಬಂತು?

ಅಮೆರಿಕದ ಸೇನೆ 1950ರ ದಶಕದಲ್ಲಿ ನಡೆಸಿದ ಚಳಿ ಪ್ರಯೋಗಗಳು ಇದರ ಮೂಲ ಎನ್ನಲಾಗುತ್ತದೆ. ಸ್ವಯಂಸೇವಕರಿಗೆ ಮೈತುಂಬ ಚಳಿಯುಡುಪು ತೊಡಿಸಿ ತಲೆಯನ್ನು ಮಾತ್ರ ಬಿಟ್ಟಿದ್ದರು. ಮುಚ್ಚದ ಜಾಗ ಅದೊಂದೇ ಆದ್ದರಿಂದ ಹೆಚ್ಚು ಶಾಖ ಅಲ್ಲಿಂದಲೇ ಹೋಯಿತು, ಇದರಲ್ಲಿ ಆಶ್ಚರ್ಯವೇನು! ಆಮೇಲೆ ‘ಶೇ. 40ರಿಂದ 45ರಷ್ಟು ಶಾಖ ತಲೆಯಿಂದ’ ಎಂಬ ಸಾಲು ಸೇನೆಯ ಕೈಪಿಡಿಗೂ ಸೇರಿತು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಇದನ್ನು ವೈದ್ಯಕೀಯ ಮಿಥ್ಯೆಗಳ ಪಟ್ಟಿಯಲ್ಲಿ ಹಾಕಿತು. ದೊಡ್ಡವರಲ್ಲಿ ತಲೆಯಿಂದ ಹೋಗುವ ಶಾಖ ಅದರ ವಿಸ್ತೀರ್ಣಕ್ಕೆ ತಕ್ಕಷ್ಟೇ, ಸುಮಾರು ಹತ್ತನೇ ಒಂದು ಭಾಗ. ಟೋಪಿ ಖಂಡಿತ ಹಾಕಿಕೊಳ್ಳಿ. ಅದು ಕಾಲಿನ ಕೆಲಸ ಮಾಡುವುದಿಲ್ಲ, ಅಷ್ಟೇ.

ಕಾಲಿಗೂ ನಿದ್ದೆಗೂ ನೇರ ನಂಟಿದೆ. 1999ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಸ್ವಿಟ್ಜರ್ಲೆಂಡಿನ ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೈಕಾಲುಗಳು ಬೆಚ್ಚಗಿದ್ದವರಿಗೆ ಬೇಗ ನಿದ್ದೆ ಹತ್ತುತ್ತದೆ. ನಿದ್ದೆಗೆ ಜಾರುವ ಮುನ್ನ ದೇಹ ಕೈಕಾಲಿನ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಇಳಿಸಿಕೊಳ್ಳುತ್ತದೆ. ಪಾದ ತಣ್ಣಗಿದ್ದರೆ ಆ ನಾಳಗಳು ಸಂಕುಚಿಸಿಯೇ ಇರುತ್ತವೆ, ನೀವು ಹೊರಳಾಡುತ್ತಿರುತ್ತೀರಿ.

ಒಂದು ರಾತ್ರಿ ಕಾಲು ತಣ್ಣಗಾದರೆ ಜೀವ ಹೋಗುವುದಿಲ್ಲ. ಆದರೆ ಎತ್ತರದ ಚಾರಣದಲ್ಲಿ ನಿದ್ದೆಗೆಟ್ಟು, ಸುಸ್ತಾಗಿ ಹೊರಟವರಿಗೆ ಹವೆ ಕೆಟ್ಟರೆ ಕೈಯಲ್ಲಿ ಉಳಿಯುವ ಶಕ್ತಿ ಕಡಿಮೆ. ದೇಹದೊಳಗಿನ ತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಅದು ಹೈಪೋಥರ್ಮಿಯಾ. 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಅಲ್ಲಿ ಪ್ರಶ್ನೆ ಮ್ಯಾಟಿನದಾಗಿರಲಿಲ್ಲ, ನಿಜ. ಆದರೆ ಬೇಸಿಗೆಯಲ್ಲೂ ಅಲ್ಲಿನ ಚಳಿ ನಮ್ಮ ಊರಿನ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ನಿಮಗೆ ಎಷ್ಟು ಉದ್ದ ಬೇಕು?

ಅಂಗಡಿಯಲ್ಲಿ ಸಿಗುವ ಸಾಮಾನ್ಯ ಉದ್ದ ಸುಮಾರು 183 ಸೆಂ.ಮೀ., ಅಂದರೆ 6 ಅಡಿ. ಐದೂವರೆ ಅಡಿಯವರಿಗೆ ಇದು ಧಾರಾಳ. ಐದು ಅಡಿ ಹತ್ತು ಇಂಚು ದಾಟಿದವರು ನಿಂತ ಎತ್ತರವನ್ನು ಮಾತ್ರ ನೋಡಿ ಮೋಸಹೋಗುತ್ತಾರೆ. ಅಂಗಾತ ಮಲಗಿದಾಗ ಪಾದ ಮುಂದಕ್ಕೆ ಚಾಚುತ್ತದೆ, ತಲೆದಿಂಬು ಮೇಲ್ಗಡೆ ಜಾಗ ತಿನ್ನುತ್ತದೆ, ನಿದ್ದೆಯಲ್ಲಿ ಮೈ ಕೆಳಗೆ ಜಾರುತ್ತದೆ. ಇಂಥವರಿಗೆ 196 ಸೆಂ.ಮೀ. ಒಳ್ಳೆಯದು. ಮಗ್ಗುಲಾಗಿ ಮಂಡಿ ಮಡಚಿ ಮಲಗುವವರಿಗೆ ಉದ್ದ ಕಡಿಮೆ ಸಾಕು. ಅವರು ಗಮನಿಸಬೇಕಾದದ್ದು ಅಗಲವನ್ನು.

ಇನ್ನು ಭಾರದ ಮಾತು. ಥರ್ಮರೆಸ್ಟ್ ಕಂಪನಿಯ ಮಡಚುವ ಫೋಮ್ ಮ್ಯಾಟ್ ‘ಜೀ ಲೈಟ್ ಸೋಲ್’ 183 ಸೆಂ.ಮೀ. ಉದ್ದದಲ್ಲಿ 410 ಗ್ರಾಂ, 130 ಸೆಂ.ಮೀ. ಉದ್ದದಲ್ಲಿ 290 ಗ್ರಾಂ ತೂಗುತ್ತದೆ. ಉಳಿಯುವುದು 120 ಗ್ರಾಂ, ಒಂದು ಬಾಳೆಹಣ್ಣಿನಷ್ಟು. ಅದಕ್ಕಾಗಿ ಅರ್ಧ ಮೀಟರಿನಷ್ಟು ಹಾಸು ಬಿಟ್ಟುಕೊಡಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ.

ಹಾಗಾದರೆ ಅರ್ಧ ಮ್ಯಾಟ್ ಯಾರಿಗೆ? ಬೆಚ್ಚಗಿನ ರಾತ್ರಿಗೆ, ಒಣ ನೆಲಕ್ಕೆ, ಬ್ಯಾಗನ್ನು ಕಾಲಡಿಗೆ ಇಟ್ಟುಕೊಳ್ಳಲು ತಯಾರಿರುವವರಿಗೆ. ಪರ್ವತಾರೋಹಿಗಳು ಹಗ್ಗ, ಖಾಲಿ ಬ್ಯಾಗ್ ಎಲ್ಲವನ್ನೂ ಕಾಲಡಿಗೆ ಹಾಸುತ್ತಾರೆ. ಅವರ ಮ್ಯಾಟ್ ಗಿಡ್ಡ ಇರಬಹುದು, ಕಾಲು ಬರೀ ನೆಲದ ಮೇಲಿರುವುದಿಲ್ಲ. ಫಾರ್ವರ್ಡ್ ಮಾಡುವಾಗ ಬಿಟ್ಟುಹೋಗುವ ಮಾತು ಇದೇ. ಕತ್ತರಿಸುವುದಿದ್ದರೆ ಫೋಮ್ ಮ್ಯಾಟ್ ಮಾತ್ರ, ಗಾಳಿ ತುಂಬುವುದಕ್ಕೆ ಕತ್ತರಿ ಹಾಕಿದರೆ ಕಥೆ ಮುಗಿಯಿತು. ಗಾಳಿ ತುಂಬುವ ಗಿಡ್ಡ ಮ್ಯಾಟ್‌ನಲ್ಲಿ ಇನ್ನೊಂದು ತೊಂದರೆಯಿದೆ. ಅದು ಏಳೆಂಟು ಸೆಂ.ಮೀ. ದಪ್ಪ ಇರುವುದರಿಂದ ಕಾಲು ಮೆಟ್ಟಿಲಿನಿಂದ ಇಳಿಬಿಟ್ಟಂತೆ ಜೋತುಬೀಳುತ್ತದೆ.

ಟ್ರೆಕ್ಕಿಂಗ್ ಸಂಸ್ಥೆಯೇ ಮ್ಯಾಟ್ ಕೊಡುವುದಾದರೆ ಹಣ ಕಟ್ಟುವ ಮುನ್ನ ಅದರ ಉದ್ದ ಎಷ್ಟು ಎಂದು ಕೇಳಿ. ಹಿಮದ ಮೇಲಿನ ಕ್ಯಾಂಪ್ ಆಗಿದ್ದರೆ ತಲಾ ಎರಡು ಮ್ಯಾಟ್ ಕೇಳಿ, ಒಂದು ಗಿಡ್ಡದಿದ್ದರೂ ನಡೆಯುತ್ತದೆ. ಇಲ್ಲ ಎಂದರೆ ನಿಮ್ಮದೊಂದು ಫೋಮ್ ಮ್ಯಾಟನ್ನು ಸುತ್ತಿ ಬ್ಯಾಗಿನ ಹೊರಗೆ ಕಟ್ಟಿಕೊಳ್ಳಿ.